ಕಾಟರಿ ಮೆಶಿನ್‌ನ ಲೀಕೇಜ್ ರೀಡಿಂಗ್ ಬಗ್ಗೆ

ಅದೇ ಕಾಟರಿ (ಆಪರೇಶನ್‌ನಲ್ಲಿ ಕರೆಂಟಿನಿಂದ ಕೊಯ್ಯುವ, ರಕ್ತ ನಿಲ್ಲಿಸುವ ಮೆಶಿನ್), ಅದೇ ಸೆಟ್ಟಿಂಗ್, ಆದರೂ ಎಚ್‌ಎಫ್ ಲೀಕೇಜ್ (ದಾರಿ ತಪ್ಪಿ ಸೋರುವ ಹೈ ಫ್ರೀಕ್ವೆನ್ಸಿ ಕರೆಂಟ್) ಒಮ್ಮೆ 110, ಇನ್ನೊಮ್ಮೆ 170 ಮಿಲಿಆಂಪಿಯರ್ ತೋರಿಸುತ್ತಿದೆ, ಮೆಶಿನ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಮೆಶಿನ್ ಬಿಚ್ಚುವ ಮೊದಲು ಕೇಬಲ್‌ಗಳನ್ನು ನೋಡಿ.

ಕಾಟರಿಯ ಕರೆಂಟ್ ಸೆಕೆಂಡಿಗೆ ಲಕ್ಷಗಟ್ಟಲೆ ಸಲ ದಿಕ್ಕು ಬದಲಿಸುತ್ತದೆ. ಹಾಗಾಗಿ ವಯರ್ ಎಲ್ಲೂ ಕಿತ್ತುಹೋಗದಿದ್ದರೂ ಇನ್ಸುಲೇಶನ್ ದಾಟಿ ಸೋರುತ್ತದೆ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿಟ್ಟರೆ ಅಥವಾ ಲೋಹದ ಟ್ರಾಲಿ ಮೇಲೆ ಬಿಟ್ಟರೆ ರೀಡಿಂಗ್ ಬದಲಾಗುತ್ತದೆ. ಮರದ ಮೇಜಿನ ಮೇಲೆ ಎರಡೂ ಕೇಬಲ್ (ಡಾಕ್ಟರ್ ಹಿಡಿಯುವ ಪೆನ್ಸಿಲ್‌ನದು, ರೋಗಿಗೆ ಅಂಟಿಸುವ ಪ್ಯಾಡ್‌ನದು) ಬಿಡಿಸಿ, ದೂರ ದೂರ ಇಟ್ಟು ಮತ್ತೆ ಅಳೆಯಿರಿ. ಪ್ರತಿ ಸಲ ಅದೇ ಜೋಡಣೆ ಇರಲಿ, ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಅಂದ ಹಾಗೆ, ಮಾಮೂಲಿ ಮಲ್ಟಿಮೀಟರ್ ಇಲ್ಲಿ ಸುಮ್ನೆ ಏನೋ ಒಂದು ಅಂಕಿ ತೋರಿಸುತ್ತದೆ, ನಂಬಬೇಡಿ. ಕಾಟರಿ ಪರೀಕ್ಷೆಗೆಂದೇ ಇರುವ ಇಎಸ್‌ಯು ಅನಲೈಸರ್ ಬೇಕು.

ಕಾಟರಿ ಸುರಕ್ಷತೆಯ ಅಂತರರಾಷ್ಟ್ರೀಯ ಮಾನದಂಡ ಐಇಸಿ 60601-2-2 ಪ್ರಕಾರ ಮೊನೊಪೋಲಾರ್‌ನಲ್ಲಿ (ಕರೆಂಟ್ ಪೆನ್ಸಿಲ್‌ನಿಂದ ರೋಗಿಯ ಮೈ ಮೂಲಕ ಪ್ಯಾಡ್‌ಗೆ ಹೋಗುವ ವಿಧಾನ) ಕೇಬಲ್ ಸಮೇತ, 200 ಓಮ್ ಮೂಲಕ ಅಳೆದಾಗ ಮಿತಿ 150 ಮಿಲಿಆಂಪಿಯರ್. ಅಂದರೆ 4.5 ವ್ಯಾಟ್. ಕಡಿಮೆ ಅನ್ನಿಸಬಹುದು, ಆದರೆ ರೋಗಿಯ ಬೆರಳು ಟೇಬಲ್‌ನ ಲೋಹಕ್ಕೆ ತಾಗಿದ್ದರೆ ಅಷ್ಟೂ ಆ ಚಿಕ್ಕ ಜಾಗದಲ್ಲೇ ಇಳಿಯುತ್ತದೆ, ಅಲ್ವಾ?

ಪ್ಯಾಡ್ ಸರಿಯಾಗಿ ಅಂಟಿರದಿದ್ದರೆ ಕೂಗುವ ಅಲಾರಂ ಪರೀಕ್ಷೆಗೆ ಪ್ಲಗ್ ಕಿತ್ತು ನೋಡುತ್ತೇನೆ ಅಂದಿದ್ದೀರಿ. ಅದು ಸಾಲದು. ಪ್ಯಾಡ್ ನಿಧಾನವಾಗಿ ಅಂಟು ಬಿಡುವುದೇ ಜಾಸ್ತಿ ಅಪಾಯ. ಎರಡು ಭಾಗದ ಪ್ಯಾಡ್ ಇರುವ ಮೆಶಿನ್ ಆದರೆ ಪ್ಯಾಡ್ ಜಾಗಕ್ಕೆ ರೆಸಿಸ್ಟೆನ್ಸ್ ಬಾಕ್ಸ್ ಜೋಡಿಸಿ, ಪ್ಯಾಡ್ ಅಂಟು ಬಿಡುತ್ತಿರುವ ಹಾಗೆ ಓಮ್ ಮೆಲ್ಲಗೆ ಏರಿಸಿ. ಅಲಾರಂ ಕೂಗುವುದರ ಜೊತೆಗೆ ಔಟ್‌ಪುಟ್ಟೂ ನಿಲ್ಲಬೇಕು. ಎಷ್ಟು ಓಮ್‌ಗೆ ಅನ್ನುವುದು ಆ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ.

ಕೇಬಲ್ ಸರಿಪಡಿಸಿದ ಮೇಲೂ 150 ದಾಟಿದರೆ ಮೆಶಿನ್ ಆಪರೇಶನ್ ಥಿಯೇಟರ್‌ಗೆ ವಾಪಸ್ ಕಳಿಸಬೇಡಿ.