ಟೊರಾಂಟೊದಲ್ಲಿ ಕ್ಲಾಸು, ಹಾಸನದಲ್ಲಿ ಊಟದ ಹೊತ್ತು

ತಂಗಿ, ಸೆಪ್ಟೆಂಬರ್‌ಗೆ ಹಾಸನದಿಂದ ಟೊರಾಂಟೊಗೆ ಓದಲು ಬರುತ್ತಿದ್ದೀಯ. ಇಲ್ಲಿ ಎಲ್ಲರೂ ಲ್ಯಾಪ್‌ಟಾಪ್ ತೆರೆದೇ ಪಾಠ ಕೇಳುತ್ತಾರಂತೆ, ನೋಟ್ಸ್ ಅದರಲ್ಲೇ ಮಾಡಿಕೊಳ್ಳಬೇಕಾ ಎಂದು ಕೇಳಿದ್ದೀಯ. ಲ್ಯಾಪ್‌ಟಾಪ್ ತಗೊಂಡೇ ಹೋಗು, ನೋಟ್ಸ್ ಮಾತ್ರ ಕೈಯಲ್ಲಿ ಬರೆ.

ನಮ್ಮ ಕಡೆ ಲೆಕ್ಚರರ್ 'ಬರ್ಕೊಳ್ಳಿ' ಅಂದರೆ ಒಂದಕ್ಷರ ಬಿಡದೆ ಬರೆದು ಅಭ್ಯಾಸ. ಇಲ್ಲಿ ಯಾರೂ ಡಿಕ್ಟೇಟ್ ಮಾಡುವುದಿಲ್ಲ, ಮಾತಾಡುತ್ತಾ ಹೋಗುತ್ತಾರೆ. ಟೈಪಿಂಗ್ ಬರುವವರ ಬೆರಳು ಆ ಮಾತನ್ನೆಲ್ಲ ಹಾಗೇ ಇಳಿಸಿಕೊಳ್ಳುತ್ತದೆ, ತಲೆಗೆ ಕೆಲಸವೇ ಇರುವುದಿಲ್ಲ. 2014ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಇದನ್ನೇ ತೋರಿಸಿದರು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿ ನೋಡಿದಾಗ, ಟೈಪ್ ಮಾಡಿದವರಿಗೂ ಕೈಯಲ್ಲಿ ಬರೆದವರಿಗೂ ಅಂಕದ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಪದಕ್ಕೆ ಪದ ಇಳಿಸುವ ಚಾಳಿ ಮಾತ್ರ ಮತ್ತೆ ಕಂಡಿತು.

ಅದಕ್ಕಿಂತ ದೊಡ್ಡ ಕಾಟ ವೈಫೈ. ಮೊದಲ ವರ್ಷ ನಿನ್ನನ್ನು ಎಳೆಯುವುದು ಯೂಟ್ಯೂಬ್ ಅಲ್ಲ, ಮನೆ. ಲೆಕ್ಕ ಹಾಕು: ಸೆಪ್ಟೆಂಬರ್‌ನಲ್ಲಿ ಟೊರಾಂಟೊಗಿಂತ ನಮ್ಮೂರು ಒಂಬತ್ತೂವರೆ ಗಂಟೆ ಮುಂದೆ. ಬೆಳಿಗ್ಗೆ 10ರ ಕ್ಲಾಸು ಅಂದರೆ ಹಾಸನದಲ್ಲಿ ಸಂಜೆ ಏಳೂವರೆ. ಒಲೆ ಮೇಲೆ ಮುದ್ದೆಗೆ ಎಸರಿಟ್ಟು ಅಮ್ಮ ಫೋನ್ ಕೈಗೆ ತಗೊಳ್ಳುವ ಹೊತ್ತು, ಫ್ಯಾಮಿಲಿ ಗ್ರೂಪು ಗಿಜಿಗುಡುವ ಹೊತ್ತು. ಪರದೆಯ ಕೆಳಗೆ ವಾಟ್ಸಾಪ್‌ನ ಹಸಿರು ಗುರುತಿನ ಮೇಲೆ 1, 2, 3 ಎಂದು ಏರುತ್ತದೆ. 'ಊಟ ಆಯ್ತಾ?' ಅಷ್ಟೇ ಇರುತ್ತದೆ. 'ಆಯ್ತಮ್ಮಾ' ಎಂದು ಹಾಕಿ ತಲೆ ಎತ್ತುವಷ್ಟರಲ್ಲಿ ಬೋರ್ಡಿನ ಮೇಲೆ ಡೆರಿವೇಶನ್ ಎರಡು ಹೆಜ್ಜೆ ಮುಂದೆ ಹೋಗಿರುತ್ತದೆ. ಹೋದ ಕೊಂಡಿ ಆ ಇಡೀ ಕ್ಲಾಸಿನಲ್ಲಿ ಮತ್ತೆ ಸಿಗುವುದಿಲ್ಲ.

ಏರೋಪ್ಲೇನ್ ಮೋಡ್ ಹಾಕಿಬಿಡ್ತೀನಿ ಅನ್ನುವ ಹಾಗೂ ಇಲ್ಲ, ಕೆಲವು ಕೋರ್ಸುಗಳಲ್ಲಿ ಪಾಠದ ನಡುವೆಯೇ ಆನ್‌ಲೈನ್ ಕ್ವಿಜ್ ಇರುತ್ತದೆ, ಅದಕ್ಕೆ ಅಂಕವೂ ಉಂಟು. ಹಾಗಾಗಿ ವಿಂಡೋಸ್‌ನಲ್ಲಿ ಕ್ಲಾಸಿಗೆಂದೇ ಇನ್ನೊಂದು ಯೂಸರ್ ಅಕೌಂಟ್ ಮಾಡು. ಅದರಲ್ಲಿ ವಾಟ್ಸಾಪ್, ಸ್ವಂತ ಈಮೇಲ್ ಯಾವುದಕ್ಕೂ ಲಾಗಿನ್ ಆಗಬೇಡ; ಯೂನಿವರ್ಸಿಟಿ ಸೈಟು, ಪಿಡಿಎಫ್ ತೆರೆಯಲು ಒಂದು ಆ್ಯಪ್, ಸಾಕು. ಸ್ಲೈಡುಗಳನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡಿರು. ಕ್ವಿಜ್ ಬಂದಾಗ ಮುಚ್ಚಳ ತೆಗೆ, ಮುಗಿದ ಕೂಡಲೇ ಮುಚ್ಚು. ಫೋನ್ ಬ್ಯಾಗಿನಲ್ಲಿರಲಿ. ಮೇಜಿನ ಮೇಲೆ ಬೋರಲು ಹಾಕಿದರೂ ಕೈ ಅದನ್ನೇ ಹುಡುಕುತ್ತದೆ.

ಕೂರುವ ಜಾಗ ಮುಖ್ಯ. ಮೊದಲ ಎರಡು ಸಾಲು ಬಿಡಬೇಡ. ಕೆನಡಾದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರ ಅಂಕ ಶೇ. 11ರಷ್ಟು ಕಮ್ಮಿ ಬಂತು. ಅಂಥವರ ಪರದೆ ಕಣ್ಣಿಗೆ ಬೀಳುವ ಹಾಗೆ ಕೂತು ಪಾಠ ಕೇಳಿದವರದ್ದು ಶೇ. 17ರಷ್ಟು ಕಮ್ಮಿ! ಹಿಂದೆ ಕೂತರೆ ಮುಂದಿನ ಹತ್ತು ಪರದೆಗಳ ಕ್ರಿಕೆಟ್ಟು, ಶಾಪಿಂಗು ನಿನ್ನ ಪಾಲಿಗೆ.

ಬರೆಯಲು ಇಲ್ಲಿಯ ಲೆಟರ್ ಸೈಜ್ ಹಾಳೆ ಕೊಳ್ಳು. ಎಡಗಡೆ ಎರಡೂವರೆ ಇಂಚು ಖಾಲಿ ಬಿಡು. ಆ ಸಂಜೆಯೇ ಅಲ್ಲಿ ಪಾಠದ ಪ್ರಶ್ನೆಗಳನ್ನು ಬರೆದು, ಬಲಭಾಗ ಮುಚ್ಚಿಕೊಂಡು ಉತ್ತರ ಹೇಳಿಕೊ. ಮರುದಿನಕ್ಕೆ ಎಂದರೆ ಆಗುವುದೇ ಇಲ್ಲ.

ವೈಫೈಗೆ ಹೆಚ್ಚಿನ ಕಡೆ ಎಡುರೋಮ್ ಇದೆ, ಅಂದರೆ ನಿನ್ನ ಯೂನಿವರ್ಸಿಟಿ ಐಡಿಯಿಂದಲೇ ಬೇರೆ ಯೂನಿವರ್ಸಿಟಿಗಳಲ್ಲೂ ವೈಫೈ ಸಿಗುವ ವ್ಯವಸ್ಥೆ. ಯೂನಿವರ್ಸಿಟಿ ಐಡಿ ಬಂದ ಕೂಡಲೇ ಹಾಸನದಲ್ಲಿರುವಾಗಲೇ ಅವರ ಸೈಟಿನಿಂದ ಸೆಟಪ್ ಮಾಡಿಕೊ. ಇಳಿದ ದಿನ ಅದನ್ನು ಡೌನ್‌ಲೋಡ್ ಮಾಡಲೂ ಇಂಟರ್‌ನೆಟ್ ಬೇಕು. ಯೂಸರ್‌ನೇಮ್‌ನಲ್ಲಿ ಆ್ಯಟ್ ಗುರುತಿನ ನಂತರದ ಭಾಗವನ್ನೂ ಹಾಕು, ಅದಿಲ್ಲದಿದ್ದರೆ ಬೇರೆ ಕ್ಯಾಂಪಸ್‌ನಲ್ಲಿ ಕನೆಕ್ಟ್ ಆಗದು. ಪಾಸ್‌ವರ್ಡ್ ಬದಲಿಸಿದಾಗ ಫೋನು, ಲ್ಯಾಪ್‌ಟಾಪ್ ಎರಡರಲ್ಲೂ ಬದಲಿಸು.

ಮೊದಲ ವಾರ ಕೊಡುವ ಕೋರ್ಸ್ ಔಟ್‌ಲೈನ್‌ನಲ್ಲಿ ಲ್ಯಾಪ್‌ಟಾಪ್ ನಿಯಮ ಓದು. ಕೆಲವು ಪ್ರೊಫೆಸರ್‌ಗಳು ಪೂರ್ತಿ ನಿಷೇಧಿಸಿರುತ್ತಾರೆ. ಪಾಠ ರೆಕಾರ್ಡ್ ಮಾಡುವ ಮುಂಚೆ ಕೇಳಲೇಬೇಕು.

ಟೈಮ್‌ಟೇಬಲ್ ಕೈಗೆ ಬಂದ ದಿನವೇ ಅದನ್ನು ಹಾಸನದ ಗಂಟೆಗೆ ಬದಲಿಸಿ ಅಮ್ಮನಿಗೆ ಕಳಿಸು, ಅಡುಗೆಮನೆ ಕ್ಯಾಲೆಂಡರ್ ಪಕ್ಕ ಅಂಟಿಸಲಿ. ನವೆಂಬರ್ ಮೊದಲ ಭಾನುವಾರದಿಂದ ಮಾರ್ಚ್ ಎರಡನೇ ಭಾನುವಾರದವರೆಗೆ ವ್ಯತ್ಯಾಸ ಹತ್ತೂವರೆ ಗಂಟೆ, ಅದನ್ನೂ ಕೆಳಗೆ ಬರೆ. ಇಲ್ಲದಿದ್ದರೆ ಕ್ಲಾಸು ಮುಗಿದಿರಬೇಕು ಅಂದುಕೊಂಡು, ಸರಿಯಾಗಿ ಪಾಠದ ನಡುವೆಯೇ ವಿಡಿಯೋ ಕಾಲ್ ಮಾಡುತ್ತಾರೆ.