ಕಳೆದ ಫೋನಿನ ಫೋಟೊ ವಾಪಸ್ ಸಿಗ್ತಾವಾ? ಮೊದಲು ಅವ್ವನ ಹಳೆಯ ಜಿಮೇಲ್ ಹುಡುಕಿ

ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಗಾಬರಿಯಾಗಬೇಡಿ. ಬನಶಂಕರಿ ಜಾತ್ರೆಯಲ್ಲಿ ಅವ್ವನ ಫೋನ್ ಕಳೆಯಿತು, ಅಕ್ಕನ ಕುಬಸದ ಫೋಟೊ ಎಲ್ಲ ಅದರಲ್ಲೇ ಇದ್ದವು, ಹೊಸ ಫೋನಿನಲ್ಲಿ ಗೂಗಲ್ ಫೋಟೋಸ್ ತೆರೆದರೆ ಒಂದೂ ಇಲ್ಲ ಅಂತ ಬರೆದಿದ್ದೀರಿ. ಆದರೆ ಹೊಸ ಫೋನಿಗೆ ಯಾವ ಜಿಮೇಲ್ ಹಾಕಿದ್ದೀರಿ ಅನ್ನುವುದನ್ನು ಹೇಳಿಲ್ಲ. ಅದೇ ಮುಖ್ಯ.

ನಾನು ಬಾಗಲಕೋಟೆ ನವನಗರದಲ್ಲಿ ಮೊಬೈಲ್ ರಿಪೇರಿ ಮಾಡುತ್ತೇನೆ. ನಮ್ಮ ಕಡೆ ಹಿರಿಯರು ಫೋನ್ ಕೊಂಡರೆ ಅಂಗಡಿ ಹುಡುಗನೇ ಒಂದು ಜಿಮೇಲ್ ತೆರೆದು, ತನಗೆ ತೋಚಿದ ಪಾಸ್‌ವರ್ಡ್ ಹಾಕಿ ಕೈಗೆ ಕೊಟ್ಟುಬಿಡುತ್ತಾನೆ. ಆ ವಿಳಾಸ ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಫೋನ್ ಹೋದ ಮೇಲೆ ಮಕ್ಕಳು ಇನ್ನೊಂದು ಹೊಸ ಜಿಮೇಲ್ ತೆರೆಯುತ್ತಾರೆ. ಫೋಟೊ ಬ್ಯಾಕಪ್ ಆಗುವುದು, ಅಂದರೆ ಗೂಗಲ್‌ನಲ್ಲಿ ಇನ್ನೊಂದು ಪ್ರತಿ ಉಳಿಯುವುದು, ಜಿಮೇಲ್ ಖಾತೆಗೇ ಹೊರತು ಫೋನ್ ನಂಬರಿಗಲ್ಲ. ಹೊಸ ಖಾತೆ ಖಾಲಿ ಇದ್ದೇ ಇರುತ್ತದೆ.

ಗುಳೇದಗುಡ್ಡದ ನೇಕಾರರೊಬ್ಬರು ಹೀಗೇ ಬಂದಿದ್ದರು. ಖಣದ ಹಳೆಯ ವಿನ್ಯಾಸಗಳನ್ನೆಲ್ಲ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಂಡವರು, ಫೋನ್ ಬಸ್ಸಿನಲ್ಲಿ ಹೋಗಿತ್ತು. ಮನೆಯ ಟಿವಿಗೆ ಯೂಟ್ಯೂಬ್ ಯಾವ ಐಡಿಯಿಂದ ಹಾಕಿದ್ದೀರಿ ಅಂತ ಕೇಳಿದೆ. ಮಗ ಮನೆಗೆ ಹೋಗಿ ಟಿವಿ ಪರದೆಯ ಫೋಟೊ ಕಳಿಸಿದ. ಹೆಸರಿನ ಮುಂದೆ ಊರು, ಅದರ ಮುಂದೆ ನಾಲ್ಕು ಅಂಕಿ. ಅಂಗಡಿಯವನು ಕಟ್ಟಿದ ವಿಳಾಸ ಅಂತ ನೋಡಿದರೇ ತಿಳಿಯುತ್ತಿತ್ತು. ಅದರಿಂದ ಒಳಗೆ ಹೋದರೆ ದಡಿ, ಒಡಲು, ಬುಟ್ಟಿ ಎಲ್ಲ ಸಾಲಾಗಿ ಬಂದವು. "ಇವು ಇಷ್ಟ್ ದಿನ ಎಲ್ಲಿದ್ವೋ ತಮ್ಮಾ" ಅಂತ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತ ನಿಂತರು.

ನಿಮ್ಮ ಮನೆಯಲ್ಲೂ ಟಿವಿ ನೋಡಿ. ಅಣ್ಣನದೋ ಅಕ್ಕನದೋ ಜಿಮೇಲಿನಲ್ಲಿ ಅವ್ವನ ಖಾತೆಯ ಬಗ್ಗೆ ಗೂಗಲ್‌ನಿಂದ ಹಳೆಯ ಎಚ್ಚರಿಕೆ ಸಂದೇಶ ಬಂದಿದೆಯಾ ಹುಡುಕಿ. ಎಲ್ಲೂ ಸಿಗದಿದ್ದರೆ ಲಾಗಿನ್ ಪುಟದಲ್ಲಿ 'ಇಮೇಲ್ ಮರೆತಿದ್ದೀರಾ' ಒತ್ತಿ, ಅವ್ವನ ಮೊಬೈಲ್ ನಂಬರ್ ಮತ್ತು ಖಾತೆಯಲ್ಲಿರುವ ಹೆಸರು ಕೊಡಿ. ಆಧಾರ್‌ನಲ್ಲಿರುವ ಹೆಸರೇ ಅಲ್ಲಿರಬೇಕಂತಿಲ್ಲ, ಅಂಗಡಿಯವನು ಹೇಗೆ ಬರೆದಿರಬಹುದೋ ಹಾಗೆ ಬರೆದು ನೋಡಿ. ಇದಕ್ಕೆ ಓಟಿಪಿ ಬೇಕು, ಆದ್ದರಿಂದ ಅದೇ ನಂಬರಿನ ಡುಪ್ಲಿಕೇಟ್ ಸಿಮ್ ತೆಗೆಸಿ. ಸಿಮ್ ಶುರುವಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ವಂಚನೆ ತಡೆಯಲು ಮಾಡಿದ ನಿಯಮ ಅದು. ಅಷ್ಟು ಹೊತ್ತು ಸುಮ್ಮನಿರಿ. ಮೇಲಿಂದ ಮೇಲೆ ತಪ್ಪು ಪಾಸ್‌ವರ್ಡ್ ಹಾಕಬೇಡಿ. ಪಾಸ್‌ವರ್ಡ್ ರಿಕವರಿಯನ್ನು ಅವ್ವ ಇರುವ ಊರಿನಿಂದ, ಆ ಖಾತೆ ಮೊದಲು ಬಳಸಿದ್ದ ಸಾಧನವೇನಾದರೂ ಇದ್ದರೆ ಅದರಿಂದಲೇ ಮಾಡಿ. ಗೂಗಲ್ ಅದನ್ನೂ ಗಮನಿಸುತ್ತದೆ.

ಸರಿಯಾದ ಖಾತೆ ಸಿಕ್ಕ ಮೇಲೂ ಫೋಟೊ ಕಾಣದಿದ್ದರೆ ಗೂಗಲ್ ಫೋಟೋಸ್‌ನ ಬಿನ್ ಮತ್ತು ಆರ್ಕೈವ್ (ಕಣ್ಣಿಗೆ ಬೀಳದಂತೆ ಪಕ್ಕಕ್ಕೆ ಸರಿಸಿಟ್ಟ ಫೋಟೊಗಳ ಜಾಗ) ನೋಡಿ. ಬ್ಯಾಕಪ್ ಆದ ಫೋಟೊ ಡಿಲೀಟ್ ಆದರೆ 60 ದಿನ ಬಿನ್‌ನಲ್ಲಿರುತ್ತದೆ. ಅಲ್ಲೂ ಇಲ್ಲವೆಂದರೆ ಬ್ಯಾಕಪ್ಪೇ ಆಗಿರಲಿಕ್ಕಿಲ್ಲ. ನಮ್ಮ ಕಡೆ ಇದಕ್ಕೆ ದೊಡ್ಡ ಕಾರಣ ವೈಫೈ. ಮೊಬೈಲ್ ಡೇಟಾದಲ್ಲಿ ಬ್ಯಾಕಪ್ ಮಾಡು ಅಂತ ನಾವಾಗಿ ಹೇಳದಿದ್ದರೆ ಗೂಗಲ್ ಫೋಟೋಸ್ ವೈಫೈಗಾಗಿ ಕಾಯುತ್ತ ಕೂರುತ್ತದೆ. ವೈಫೈ ಇಲ್ಲದ ಮನೆಯಲ್ಲಿ ವರ್ಷಗಟ್ಟಲೆ ಕಾದರೂ ಕಾದಂತೆಯೇ. ಗೂಗಲ್ ಖಾತೆಗೆ ಪುಕ್ಕಟೆ ಸಿಗುವ 15 ಜಿಬಿ ಜಾಗ ತುಂಬಿದರೂ ಬ್ಯಾಕಪ್ ನಿಲ್ಲುತ್ತದೆ. ವಾಟ್ಸ್ಯಾಪ್‌ನಲ್ಲಿ ಬಂದ ಫೋಟೊಗಳ ಫೋಲ್ಡರನ್ನಂತೂ ಬೇರೆಯಾಗಿ ಆನ್ ಮಾಡಬೇಕು.

ಹಾಗಾಗಿದ್ದರೆ ಉಳಿಯುವುದು ವಾಟ್ಸ್ಯಾಪ್ ಬ್ಯಾಕಪ್. ಇಲ್ಲಿ ಬಹಳ ಎಚ್ಚರ ಬೇಕು. ಹೊಸ ಫೋನಿನಲ್ಲಿ ವಾಟ್ಸ್ಯಾಪ್ ಇನ್ನೂ ಹಾಕಿಲ್ಲವಾದರೆ ಹಾಕಬೇಡಿ, ಮೊದಲು ಹಳೆಯ ಜಿಮೇಲ್ ಸೇರಿಸಿ. ಆಮೇಲೆ ಅದೇ ನಂಬರಿನಿಂದ ತೆರೆದು, ರಿಸ್ಟೋರ್ ಮಾಡಲಾ ಎಂದು ಕೇಳಿದಾಗ ಹೌದು ಅನ್ನಿ. ಸ್ಕಿಪ್ ಒತ್ತಿ ಮುಂದೆ ಹೋದರೆ, ಅದೇ ಖಾತೆಗೆ ಹೊಸ ಬ್ಯಾಕಪ್ ಆಗಿ ಹಳೆಯದರ ಮೇಲೆ ಕೂರುತ್ತದೆ. ಇದರ ಜೊತೆಗೆ ಕುಬಸಕ್ಕೆ ಬಂದಿದ್ದ ಬೀಗರು, ಸೋದರತ್ತೆಯರು ಎಲ್ಲರನ್ನೂ ಕೇಳಿ. ಅವ್ವ ಕಳಿಸಿದ ಫೋಟೊ ಅವರ ಫೋನಿನಲ್ಲಿರುತ್ತವೆ, ಸ್ವಲ್ಪ ಮಸುಕಾದರೂ ಇರುತ್ತವೆ.

ಫೋನೇ ಕೈಯಲ್ಲಿಲ್ಲದಾಗ ಫೋಟೊ ತೆಗೆದುಕೊಡುತ್ತೇನೆ ಅಂತ ದುಡ್ಡು ಕೇಳುವವರಿಗೆ, ರಿಕವರಿ ಆ್ಯಪ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪಾಸ್‌ವರ್ಡ್, ಓಟಿಪಿ ಅಂತೂ ಯಾರಿಗೂ ಹೇಳಬೇಡಿ, ನಮ್ಮಂಥ ಅಂಗಡಿಯವರಿಗೂ.

ಕಳೆದ ಫೋನಿನ ಬಗ್ಗೆ ಪೊಲೀಸ್ ದೂರು ಕೊಟ್ಟು, ಕಳೆದ ಫೋನ್ ಬ್ಲಾಕ್ ಮಾಡಿಸುವ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಐಎಂಇಐ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬ್ಲಾಕ್ ಮಾಡಿಸಿ. ಆ ಐಎಂಇಐ ನಂಬರ್ ಫೋನಿನ ಡಬ್ಬಿಯ ಮೇಲಿರುತ್ತದೆ. ಗೂಗಲ್‌ನಿಂದ ದೂರದಲ್ಲೇ ಫೋನ್ ಅಳಿಸುವ ಸೌಲಭ್ಯವೂ ಇದೆ. ಅದನ್ನು ಒತ್ತಿದರೆ ಖಾತೆಯಲ್ಲಿರುವ ಫೋಟೊಗೆ ಏನೂ ಆಗುವುದಿಲ್ಲ, ಫೋನಿನಲ್ಲಷ್ಟೇ ಉಳಿದವು ಹೋಗುತ್ತವೆ. ಖಾತೆಯೊಳಗೆ ಕುಬಸದ ಫೋಟೊ ಕಣ್ಣಾರೆ ನೋಡಿಯೇ ಅದನ್ನು ಒತ್ತಿ.