ಪೋಕರ್‌ನಲ್ಲಿ ಗೆದ್ದ ದುಡ್ಡು ಯಾರ ಜೇಬಿನದು?

ದುಡ್ಡು-ಕಾಸು: ಓದುಗರ ಪ್ರಶ್ನೆ, ತೆರಿಗೆ ಸಲಹೆಗಾರ್ತಿಯ ಉತ್ತರ

ಪ್ರಶ್ನೆ: ಮೇಡಂ, ನಮಸ್ತೆ. ನನಗೆ 27 ವರ್ಷ. ಊರು ದಾವಣಗೆರೆ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಕೈಗೆ ಬರುವ ಸಂಬಳ 52 ಸಾವಿರ. ಹಾಸ್ಟೆಲ್‌ನಲ್ಲಿ ನನ್ನ ಜೊತೆಗಿದ್ದ ಗೆಳೆಯ ಲಾಕ್‌ಡೌನ್ ಸಮಯದಲ್ಲಿ ಆನ್‌ಲೈನ್‌ನಲ್ಲಿ ಪೋಕರ್ ಇಸ್ಪೀಟು ಆಡಿ ಕಾರು ಕೊಂಡ. ಈಗ ನಮ್ಮ ದೇಶದ ಆಪ್‌ಗಳು ಬಂದ್ ಆಗಿವೆ. ಆದರೆ ಯುಎಸ್‌ಡಿಟಿ ಅನ್ನುವ, ಡಾಲರ್ ಬೆಲೆಯ ಕ್ರಿಪ್ಟೊ ಹಣ ಹಾಕಿ ಹೊರದೇಶದ ಸೈಟಿನಲ್ಲಿ ಆಡಬಹುದು ಅಂತ ಅವನು ಹೇಳುತ್ತಾನೆ. ನನ್ನ ಹತ್ತಿರ ಮೂರು ಲಕ್ಷ ಉಳಿತಾಯ ಇದೆ. ಒಂದು ವರ್ಷ ಕೆಲಸ ಬಿಟ್ಟು, ಚೆನ್ನಾಗಿ ಕಲಿತು, ಇದನ್ನೇ ಆದಾಯ ಮಾಡಿಕೊಳ್ಳಬಹುದಾ? ಇದು ಜೂಜಲ್ಲ, ಕೌಶಲದ ಆಟ ಅಂತ ಕೋರ್ಟೇ ಹೇಳಿದೆ ಅಲ್ವಾ?
(ಹೆಸರು ಬೇಡ)

ಉತ್ತರ: ಕೆಲಸ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ. ಪೂರ್ತಿ ಓದಿ, ಆಮೇಲೆ ನಿಮ್ಮ ಗೆಳೆಯನಿಗೂ ಓದಿಸಿ.

ಮೊದಲೇ ಹೇಳಿಬಿಡುತ್ತೇನೆ, ಆಟದ ಒಳಗುಟ್ಟು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಆಡಿದವರ ಬ್ಯಾಂಕ್ ಸ್ಟೇಟ್‌ಮೆಂಟ್. ಪ್ರತಿ ಜುಲೈನಲ್ಲಿ ರಿಟರ್ನ್ ತುಂಬಿಸಲು ಬರುವವರಲ್ಲಿ ಇಂಥ ಹುಡುಗರು ಕೆಲವರು ಇದ್ದೇ ಇರುತ್ತಿದ್ದರು. ಎಲ್ಲರೂ ಜಾಣರು, ಲೆಕ್ಕದಲ್ಲಿ ಚುರುಕು. ಒಬ್ಬನಂತೂ ನನಗಿಂತ ಚೆನ್ನಾಗಿ ಎಕ್ಸೆಲ್ ಶೀಟ್ ಮಾಡಿಕೊಂಡು ಬರುತ್ತಿದ್ದ. ಅವರಿಗೆಲ್ಲ ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: ನೀನು ಗೆದ್ದ ದುಡ್ಡು ಯಾರದು?

ಅಂಗಡಿ ಇಟ್ಟರೆ ಗಿರಾಕಿ ದುಡ್ಡು ಕೊಡುತ್ತಾನೆ, ಬದಲಿಗೆ ಸಾಮಾನು ಒಯ್ಯುತ್ತಾನೆ. ಪೋಕರ್ ಟೇಬಲ್ಲಿನಲ್ಲಿ ಹೊಸದಾಗಿ ಏನೂ ಹುಟ್ಟುವುದಿಲ್ಲ. ಆರು ಜನ ತಲಾ 5,000 ರೂಪಾಯಿ ಇಟ್ಟುಕೊಂಡು ಕೂತರು ಅನ್ನಿ. ಬ್ಲೈಂಡ್ 25-50, ಅಂದರೆ ಪ್ರತಿ ಸುತ್ತಿನಲ್ಲೂ ಎಲೆ ನೋಡುವ ಮೊದಲೇ ಇಬ್ಬರು ಕಟ್ಟಬೇಕಾದ 25 ಮತ್ತು 50 ರೂಪಾಯಿ. ಮೇಜಿನ ಮೇಲೆ ಒಟ್ಟು 30 ಸಾವಿರ. ಗೆದ್ದವನದು ಸೋತವನ ದುಡ್ಡು, ಅಷ್ಟೇ. ಇದರ ಮಧ್ಯೆ ಆಡಿಸುವವನು ದೊಡ್ಡ ಪಾಟ್‌ಗಳಿಂದೆಲ್ಲ (ಒಂದು ಸುತ್ತಿಗೆ ಎಲ್ಲರೂ ಕಟ್ಟಿದ ಹಣದ ರಾಶಿ) ತನ್ನ ಪಾಲು ಎತ್ತುತ್ತಾನೆ. ಅದಕ್ಕೆ ರೇಕ್ ಅನ್ನುತ್ತಾರೆ. ಒಂದು ಹ್ಯಾಂಡ್‌ಗೆ, ಅಂದರೆ ಎಲೆ ಹಂಚಿ ಆಡುವ ಒಂದು ಸುತ್ತಿಗೆ, ಸರಾಸರಿ 20 ರೂಪಾಯಿ ಅಂತ ಇಟ್ಟುಕೊಳ್ಳಿ. ಆನ್‌ಲೈನ್‌ನಲ್ಲಿ ಗಂಟೆಗೆ 70 ಹ್ಯಾಂಡ್ ಓಡಿದರೆ 1,400 ರೂಪಾಯಿ ಆಯಿತು. ನಾಲ್ಕು ಗಂಟೆಗೆ 5,600. ಅಂದರೆ ಆರು ಜನರಲ್ಲಿ ಒಬ್ಬ ತಂದ ಅಷ್ಟೂ ಹಣ ಯಾರಿಗೂ ಸೇರದೆ ಟೇಬಲ್ಲಿನಿಂದ ಮಾಯ. ಆರೂ ಜನ ಸಮ ಜಾಣರಾದರೆ ಆರೂ ಜನ ಸೋಲುತ್ತಾರೆ. ಒಬ್ಬ ಲಾಭ ಮಾಡಬೇಕಾದರೆ ಅದೇ ಟೇಬಲ್ಲಿನಲ್ಲಿ ಸುಮ್ನೆ ಮಜಾಕ್ಕೆ ಬಂದು ಕಳೆದುಕೊಳ್ಳುವವರು ಇರಲೇಬೇಕು. ಆಟಗಾರರು ಅವರನ್ನು ಫಿಶ್ ಅನ್ನುತ್ತಾರೆ.

ಆ ಫಿಶ್ ಎಲ್ಲಿಂದ ಬಂದರು ಅನ್ನುವುದೇ ಈ ಆಟದ ಚರಿತ್ರೆ. 2003ರಲ್ಲಿ ಅಮೆರಿಕದ ಟೆನ್ನೆಸಿಯ ಕ್ರಿಸ್ ಮನಿಮೇಕರ್ ಎಂಬಾತ 86 ಡಾಲರ್ ಕಟ್ಟಿ ಆನ್‌ಲೈನ್ ಅರ್ಹತಾ ಪಂದ್ಯ ಗೆದ್ದ. ಅಲ್ಲಿಂದ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಪೋಕರ್ ಪಂದ್ಯಾವಳಿಗೆ ಹೋಗಿ 25 ಲಕ್ಷ ಡಾಲರ್ ಗೆದ್ದ. (ಅವನು ಅಕೌಂಟೆಂಟ್. ನಮ್ಮ ಕಸುಬಿನವರಿಗೆ ಅಷ್ಟು ಖ್ಯಾತಿ ಸಿಕ್ಕಿದ್ದು ಅದೊಂದೇ ಸಲ ಇರಬೇಕು!) ಅದನ್ನು ಟಿವಿಯಲ್ಲಿ ನೋಡಿದವರೆಲ್ಲ ನಾನೂ ಆಗಬಹುದು ಅಂತ ಕಂಪ್ಯೂಟರ್ ಮುಂದೆ ಕೂತರು. ಆಗ ಸ್ವಲ್ಪ ಓದಿಕೊಂಡು ಬಂದವನಿಗೆ ಸುಗ್ಗಿ. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ದೊಡ್ಡ ಮೂರು ಸೈಟ್‌ಗಳ ಮೇಲೆ ಕೇಸು ಹಾಕಿತು. ಆ ಸುಗ್ಗಿ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಸುಗ್ಗಿ ಬಂದದ್ದು ತಡವಾಗಿ. ಅಗ್ಗದ ಡೇಟಾ, ಯುಪಿಐ, ಮೇಲಿಂದ ಲಾಕ್‌ಡೌನ್. ನಿಮ್ಮ ಗೆಳೆಯ ಕಾರು ಕೊಂಡದ್ದು ಆ ಕಾಲದಲ್ಲಿ. ಅವನು ಜಾಣ ಇರಬಹುದು, ಆದರೆ ಮನೆಯಲ್ಲೇ ಕೂತು ಬೇಜಾರಾಗಿ ಆಪ್ ಹಾಕಿಕೊಂಡವರ ದುಡ್ಡೂ ಆ ಕಾರಿನಲ್ಲಿದೆ.

ಈಗ ಕಾನೂನು. ಕೌಶಲದ ಆಟ ಅಂತ ಕೋರ್ಟ್ ಹೇಳಿದೆ ಅಂದಿರಲ್ಲ, ಅದು ಸುಳ್ಳಲ್ಲ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆಪ್‌ಗಳ ಜಾಹೀರಾತು ಅದರ ಬಲದ ಮೇಲೇ ಓಡಿತು. ಆದರೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು. 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದರಲ್ಲಿ ಕೌಶಲವೋ ಅದೃಷ್ಟವೋ ಅನ್ನುವ ಭೇದವೇ ಇಲ್ಲ. ಗೆಲ್ಲುವ ಆಸೆಗೆ ದುಡ್ಡು ಕಟ್ಟಿ ಆಡುವುದಾದರೆ ಅದು ನಿಷಿದ್ಧ ಆಟ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಜಾಹೀರಾತು ಮಾಡಿದರೆ ಎರಡು ವರ್ಷ, 50 ಲಕ್ಷ. ಹಣ ಸಾಗಿಸಲು ನೆರವಾಗುವ ಬ್ಯಾಂಕ್, ಪೇಮೆಂಟ್ ಕಂಪನಿಗಳಿಗೂ ಶಿಕ್ಷೆ. ಪೋಕರ್‌ಬಾಜಿಯಂಥ ದೊಡ್ಡ ಆಪ್‌ಗಳು ದುಡ್ಡಿನ ಆಟ ನಿಲ್ಲಿಸಿದ್ದು ಇದಕ್ಕೇ. ಕಾಯ್ದೆಯನ್ನು ಪ್ರಶ್ನಿಸಿ ಬೇರೆ ಬೇರೆ ಹೈಕೋರ್ಟ್‌ಗಳಿಗೆ ಹೋಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ ಅದೇ ಸೆಪ್ಟೆಂಬರ್‌ನಲ್ಲಿ ತನ್ನ ಬಳಿಗೆ ತರಿಸಿಕೊಂಡಿತು. ಕೋರ್ಟ್ ತೀರ್ಪಿನ ಮೇಲೆ ಬಾಜಿ ಕಟ್ಟಿ ಸಂಬಳದ ಕೆಲಸ ಬಿಡುವುದಂತೂ ಪೋಕರ್‌ಗಿಂತ ದೊಡ್ಡ ಜೂಜು.

ಆಡುವವನಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಲ್ಲ. ನಿಮ್ಮ ಗೆಳೆಯ ಇದನ್ನೇ ಹಿಡಿದುಕೊಂಡಿದ್ದಾನೆ ಅಂತ ಕಾಣುತ್ತದೆ. ಆದರೆ ದುಡ್ಡು ಹೋಗಿ ಬರುವ ದಾರಿ ನೋಡಿ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಇಂಥ ಬಾಜಿಗಳಿಗೆ ಹೊರದೇಶಕ್ಕೆ ಹಣ ಕಳಿಸುವಂತಿಲ್ಲ ಅಂತ ವಿದೇಶಿ ವಿನಿಮಯ ಕಾಯ್ದೆಯ (ಫೆಮಾ) ನಿಯಮಗಳು 2000ದಿಂದಲೇ ಹೇಳುತ್ತವೆ. ಬ್ಯಾಂಕ್ ಮೂಲಕ ನೇರ ದಾರಿ ಇಲ್ಲ. ಅದಕ್ಕೇ ಯುಎಸ್‌ಡಿಟಿ. ಯಾರೋ ಗುರುತಿಲ್ಲದವರಿಗೆ ರೂಪಾಯಿ ಕೊಟ್ಟು ಯುಎಸ್‌ಡಿಟಿ ತಗೊಳ್ಳುತ್ತೀರಿ. ಗೆದ್ದ ಮೇಲೆ ಇನ್ಯಾರಿಗೋ ಮಾರಿ ರೂಪಾಯಿ ಪಡೆಯುತ್ತೀರಿ. ಆ ರೂಪಾಯಿ ಯಾರದು ಅಂತ ನಿಮಗೆ ಗೊತ್ತಿರುವುದಿಲ್ಲ.

ನನ್ನ ಹತ್ತಿರ ಬರುವ ಒಬ್ಬರಿಗೆ ಹೀಗೇ ಆಯಿತು. ಯುಎಸ್‌ಡಿಟಿ ಮಾರಿದಾಗ ಅವರ ಖಾತೆಗೆ 8,000 ರೂಪಾಯಿ ಬಂತು. ಅದು ಬೇರೆ ರಾಜ್ಯದಲ್ಲಿ ಸೈಬರ್ ವಂಚನೆಗೆ ಸಿಕ್ಕವರೊಬ್ಬರ ಹಣ. ಹಣ ಕಳೆದುಕೊಂಡ ಆ ವ್ಯಕ್ತಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರು. ಹಣ ಯಾವ ಯಾವ ಖಾತೆ ದಾಟಿತು ಅಂತ ಪೊಲೀಸರು ಜಾಡು ಹಿಡಿದರು. ಒಂದು ಬೆಳಿಗ್ಗೆ ಇವರ ಖಾತೆ ಫ್ರೀಜ್. ಅದೇ ಖಾತೆಗೆ ಸಂಬಳ ಬರುತ್ತಿತ್ತು, ಅದರಿಂದಲೇ ಮನೆ ಬಾಡಿಗೆ, ಅದರಿಂದಲೇ ಬೈಕಿನ ಕಂತು. ಬ್ಯಾಂಕಿನವರನ್ನು ಕೇಳಿದರೆ ಠಾಣೆಯಿಂದ ಪತ್ರ ತನ್ನಿ ಅಂದರು. ಠಾಣೆ ಇರುವುದು ಎಲ್ಲೋ, ಅಲ್ಲಿನವರ ಭಾಷೆ ಇವರಿಗೆ ಬಾರದು. ಈ ದುಡ್ಡು ಎಲ್ಲಿಂದ ಬಂತು ಅಂತ ಬರೆದುಕೊಡಿ ಅಂದರೆ ಏನಂತ ಬರೆಯುವುದು? ಪೋಕರ್ ಗೆಲುವು ಅಂತಲಾ? ನಿಮ್ಮ ಸಂಬಳದ ಖಾತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಇನ್ನೊಂದು ಸಲ ಓದಿ.

ಇನ್ನು ಆಟದಲ್ಲಿ ಎಷ್ಟು ಗಿಟ್ಟುತ್ತದೆ? ಕಾನೂನಿನ ತೊಡಕೇ ಇಲ್ಲ ಅಂದುಕೊಂಡು ಲೆಕ್ಕ ಹಾಕೋಣ. ನೀವು ಒಳ್ಳೆಯ ಆಟಗಾರ. ರೇಕ್ ಕಳೆದು 100 ಹ್ಯಾಂಡ್‌ಗೆ 5 ದೊಡ್ಡ ಬ್ಲೈಂಡ್ ಉಳಿಸುತ್ತೀರಿ, ಅಂದರೆ 250 ರೂಪಾಯಿ. ಇದು ಕಮ್ಮಿ ಸಾಧನೆಯಲ್ಲ. ನಾಲ್ಕು ಟೇಬಲ್ ಒಟ್ಟಿಗೆ ಆಡಿದರೆ ಗಂಟೆಗೆ 280 ಹ್ಯಾಂಡ್. ಒಂದು ಲಕ್ಷ ಹ್ಯಾಂಡ್ ಆಡಲು ಸುಮಾರು 360 ಗಂಟೆ ಬೇಕು, ಆಫೀಸಿನ ಹಾಗೆ ವಾರಕ್ಕೆ ಐದು ದಿನ, ದಿನಕ್ಕೆ ಎಂಟು ಗಂಟೆ ಕೂತರೂ ಎರಡು ತಿಂಗಳು ದಾಟುತ್ತದೆ. ಸರಾಸರಿ ಗೆಲುವು ಎರಡೂವರೆ ಲಕ್ಷ. ತೆರಿಗೆ ಶೇ 30, ಸೆಸ್ ಸೇರಿ 31.2. ಕೈಗೆ ಉಳಿಯುವುದು 1 ಲಕ್ಷ 72 ಸಾವಿರ. ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ನಿಮ್ಮ ಸಂಬಳಕ್ಕಿಂತ ಜಾಸ್ತಿಯೇ.

ಆದರೆ ಸರಾಸರಿ ಅನ್ನುವುದು ತಿಂಗಳ ಒಂದನೇ ತಾರೀಖು ನೋಡಿಕೊಂಡು ಬರುವುದಿಲ್ಲ. ಈ ಆಟದ ಏರಿಳಿತ ಎಷ್ಟು ಅಂದರೆ, ಇಷ್ಟೇ ಒಳ್ಳೆಯ ಆಟಗಾರ 10 ಸಾವಿರ ಹ್ಯಾಂಡ್ ಆಡಿ ಎದ್ದಾಗ ಹತ್ತರಲ್ಲಿ ಮೂರು ಸಲ ನಷ್ಟದಲ್ಲೇ ಇರುತ್ತಾನೆ. ತಪ್ಪು ಆಡಿ ಅಲ್ಲ, ಸರಿಯಾಗಿ ಆಡಿಯೇ. ಲಕ್ಷ ಹ್ಯಾಂಡ್ ಆದಮೇಲೂ ಸುಮಾರು ನೂರರಲ್ಲಿ ನಾಲ್ಕು ಮಂದಿ ಸೋತೇ ಇರುತ್ತಾರೆ. ಅವರೂ ಒಳ್ಳೆಯ ಆಟಗಾರರೇ. ಇದನ್ನು ತಡೆದುಕೊಳ್ಳಲು ದೊಡ್ಡ ಬ್ಯಾಂಕ್‌ರೋಲ್, ಅಂದರೆ ಆಟಕ್ಕೆಂದೇ ಎತ್ತಿಟ್ಟ ದುಡ್ಡು ಬೇಕು. ನಿಮ್ಮ ಮೂರು ಲಕ್ಷದಿಂದಲೇ ಬಾಡಿಗೆ, ಊಟ, ಊರಿಗೆ ಕಳಿಸುವ ದುಡ್ಡು ಎಲ್ಲ ಹೋಗಬೇಕು. ಬ್ಯಾಂಕ್‌ರೋಲ್‌ಗೆ ಏನು ಉಳಿಯುತ್ತದೆ? ಸೋಲಿನ ವಾರದಲ್ಲೇ ಬಾಡಿಗೆ ದಿನವೂ ಬಂದರೆ ಯಾರಿಗೂ ತಲೆ ನೆಟ್ಟಗಿರುವುದಿಲ್ಲ. ನಾನು ನೋಡಿದ ಸ್ಟೇಟ್‌ಮೆಂಟ್‌ಗಳಲ್ಲಿ ದೊಡ್ಡ ಡೆಪಾಸಿಟ್‌ಗಳೆಲ್ಲ ರಾತ್ರಿ ಒಂದು ಗಂಟೆ ದಾಟಿದ ಮೇಲಿನವು.

ಎದುರಿಗೆ ಕೂತವನು ಮನುಷ್ಯನೇ ಅನ್ನುವ ಖಾತ್ರಿಯೂ ಈಗಿಲ್ಲ. 2017ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಪ್ರೋಗ್ರಾಂ ಪಿಟ್ಸ್‌ಬರ್ಗ್‌ನ ಕ್ಯಾಸಿನೊದಲ್ಲಿ ನಾಲ್ವರು ವೃತ್ತಿಪರರ ಮೇಲೆ 1,20,000 ಹ್ಯಾಂಡ್ ಆಡಿ ಎಲ್ಲರನ್ನೂ ಸೋಲಿಸಿತು. ಅದು ಒಂದು ಸಲಕ್ಕೆ ಇಬ್ಬರೇ ಎದುರುಬದುರು ಆಡುವ ಆಟ, ಅದಕ್ಕೆ ಸೂಪರ್ ಕಂಪ್ಯೂಟರ್ ಬೇಕಿತ್ತು. ಎರಡೇ ವರ್ಷಕ್ಕೆ ಆರು ಜನರ ಟೇಬಲ್ಲಿನಲ್ಲಿ ಗೆಲ್ಲುವ ಪ್ಲುರಿಬಸ್ ಬಂತು. ಅದನ್ನು ತಯಾರು ಮಾಡಲು ಹಿಡಿದದ್ದು ಎಂಟು ದಿನ, ಕಂಪ್ಯೂಟರ್ ಬಾಡಿಗೆ ಲೆಕ್ಕದಲ್ಲಿ 150 ಡಾಲರ್‌ಗಿಂತ ಕಮ್ಮಿ. ಇದರ ಜೊತೆಗೆ ಯಾರು ಬೇಕಾದರೂ ಕೊಳ್ಳಬಹುದಾದ ಸಾಲ್ವರ್‌ಗಳಿವೆ. ಯಾವ ಎಲೆ ಹಿಡಿದು ಎಷ್ಟು ಕಟ್ಟಬೇಕು ಅಂತ ಅವೇ ಹೇಳಿಕೊಡುತ್ತವೆ. ನೀವು ಒಂದು ವರ್ಷ ಕೂತು ಕಲಿಯುವುದೂ ಅದನ್ನೇ, ಉಳಿದವರೂ ಅದನ್ನೇ ಕಲಿತು ಬಂದಿದ್ದಾರೆ. ದೊಡ್ಡ ಸೈಟ್‌ಗಳಲ್ಲಿ ಮನುಷ್ಯನ ಹೆಸರಿನಲ್ಲಿ ಆಡುವ ಪ್ರೋಗ್ರಾಂಗಳನ್ನು, ಅಂದರೆ ಬಾಟ್‌ಗಳನ್ನು, ಹಿಡಿಯಲು ಒಂದು ತಂಡವಾದರೂ ಇರುತ್ತದೆ. ಯುಎಸ್‌ಡಿಟಿ ಮಾತ್ರ ತಗೊಳ್ಳುವ, ವಿಳಾಸವೇ ಇಲ್ಲದ ಸೈಟಿನಲ್ಲಿ ನೀವು ದೂರು ಕೊಡುವುದು ಯಾರಿಗೆ? ಅಲ್ಲಿ ಮಜಾಕ್ಕೆ ಬರುವ ಫಿಶ್ ಕಮ್ಮಿ. ಅಷ್ಟು ಸರ್ಕಸ್ ಮಾಡಿ ಒಳಗೆ ಬರುವವನು ಗೆಲ್ಲಲೆಂದೇ ಬಂದವನು. ನೀರು ಬರುವುದು ನಿಂತ ಕೆರೆಗೆ ಊರಿನ ಬೆಸ್ತರೆಲ್ಲ ಬಲೆ ತಂದ ಹಾಗೆ.

ಲೆಕ್ಕ, ಸಂಭವನೀಯತೆ ನಿಮಗೆ ಇಷ್ಟ ಇರಬಹುದು. ಪೋಕರ್ ಕಲಿಯಿರಿ, ತಪ್ಪೇನಿಲ್ಲ. ದುಡ್ಡಿಲ್ಲದೆ ಆಡುವ ಆಟಕ್ಕೆ ಹೊಸ ಕಾಯ್ದೆಯ ಅಡ್ಡಿ ಇಲ್ಲ. ಮೂರು ಲಕ್ಷದಲ್ಲಿ ಆರು ತಿಂಗಳ ಖರ್ಚನ್ನು ಎಫ್‌ಡಿಯಲ್ಲಿ ಇಡಿ. ಉಳಿದದ್ದರಲ್ಲಿ ಸ್ವಲ್ಪ ತೆಗೆದು ಟೆಸ್ಟಿಂಗ್‌ನಿಂದ ಡೇಟಾ ಕೆಲಸಕ್ಕೆ ದಾಟುವ ಕೋರ್ಸ್ ಮಾಡಿ. ಅಲ್ಲೂ ಇದೇ ಗಣಿತ, ಸಂಬಳ ಮಾತ್ರ ತಿಂಗಳಿಗೆ ಸರಿಯಾಗಿ ಬರುತ್ತದೆ.

ಪ್ರಶ್ನೆ: 2024-25ರಲ್ಲಿ ಒಂದು ಆಪ್‌ನಲ್ಲಿ 1.8 ಲಕ್ಷ ಸೋತೆ. 2025-26ರಲ್ಲಿ ಆಪ್ ಬಂದ್ ಆಗುವ ಮೊದಲು 60 ಸಾವಿರ ಗೆದ್ದೆ, 18 ಸಾವಿರ ಟಿಡಿಎಸ್ ಹಿಡಿದರು. ಹಳೆಯ ಸೋಲನ್ನು ಕಳೆದು ಟಿಡಿಎಸ್ ವಾಪಸ್ ಪಡೆಯಬಹುದಾ?
(ಓದುಗರು, ತುಮಕೂರು)

ಉತ್ತರ: ಆಗುವುದಿಲ್ಲ. 2025-26ರ ಆನ್‌ಲೈನ್ ಆಟದ ಗೆಲುವಿಗೆ ಆದಾಯ ತೆರಿಗೆ ಕಾಯ್ದೆಯ 115ಬಿಬಿಜೆ ಸೆಕ್ಷನ್ ಪ್ರಕಾರ ನೇರ ಶೇ 30 ತೆರಿಗೆ. ಒಂದು ವರ್ಷದ ಸೋಲು ಮುಂದಿನ ವರ್ಷಕ್ಕೆ ಬರುವುದಿಲ್ಲ, ಸಂಬಳದಿಂದಲೂ ಕಳೆಯುವಂತಿಲ್ಲ. ಟಿಡಿಎಸ್‌ನಲ್ಲಿ ಸೆಸ್ ಸೇರಿರುವುದಿಲ್ಲ, ಅದರ 720 ರೂಪಾಯಿ ನೀವೇ ಕಟ್ಟಬೇಕು. ರಿಟರ್ನ್ ತುಂಬುವಾಗ ಐಟಿಆರ್-1 ಆರಿಸಬೇಡಿ, ಇಂಥ ಆದಾಯಕ್ಕೆ ಅದು ನಡೆಯುವುದಿಲ್ಲ. ಬೇರೆ ವ್ಯಾಪಾರ ಇಲ್ಲದಿದ್ದರೆ ಐಟಿಆರ್-2. ಗೆಲುವನ್ನು ಬಿಟ್ಟು ತುಂಬಿದರೆ ನೋಟಿಸ್ ಬರುತ್ತದೆ, ಏಕೆಂದರೆ ಟಿಡಿಎಸ್ ವಿವರ ಇರುವ 26ಎಎಸ್ ಪಟ್ಟಿಯಲ್ಲಿ ಅದು ಇಲಾಖೆಗೆ ಈಗಾಗಲೇ ಕಾಣುತ್ತಿದೆ.

ಪ್ರಶ್ನೆ: ಅಕ್ಕಾವ್ರೇ, ನನ್ನ ಮಗನಿಗೆ 23. ಡಿಪ್ಲೊಮಾ ಮುಗಿಸಿದ್ದಾನೆ. ರಮ್ಮಿ, ಪೋಕರ್ ಅಂತ ಆಡಿ ಸಾಲದ ಆಪ್‌ಗಳಿಂದ ಎರಡು ಲಕ್ಷಕ್ಕೂ ಮೇಲೆ ಸಾಲ ಮಾಡಿದ್ದಾನೆ. ದಿನಾ ನಮ್ಮ ನಂಬರಿಗೂ ಫೋನ್ ಬರುತ್ತದೆ. ಮನೆಯವರು ಹೊಲ ಮಾರೋಣ ಅನ್ನುತ್ತಾರೆ.
(ಹಾವೇರಿ ಜಿಲ್ಲೆ)

ಉತ್ತರ: ಹೊಲ ಮಾರಬೇಡಿ ಅಕ್ಕಾ. 18 ದಾಟಿದ ಮಗನ ಸಾಲಕ್ಕೆ ನೀವು ಜಾಮೀನು ಸಹಿ ಹಾಕದಿದ್ದರೆ ನೀವು ಹೊಣೆಯಲ್ಲ. ಫೋನ್ ಮಾಡುವವರಿಗೆ ಇಷ್ಟನ್ನೇ ಹೇಳಿ ಇಟ್ಟುಬಿಡಿ. ಫೋಟೊ ಹರಡುತ್ತೇವೆ ಅಂತ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು 1930ಕ್ಕೆ ದೂರು ಕೊಡಿ. ಸಾಲ ಒಮ್ಮೆಗೇ ತೀರಿಸಿಬಿಟ್ಟರೆ ಅವನ ಕೈಗೆ ಮತ್ತೆ ಸಾಲ ಸಿಗುತ್ತದೆ, ಆಟ ನಿಂತಿರುವುದಿಲ್ಲ. ಮೊದಲು ಅವನಿಗೆ ಆಸರೆ ಬೇಕು. 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ. ಬೆಂಗಳೂರಿಗೆ ಬರಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ಬೈದು ಕರೆತರಬೇಡಿ, ಜೊತೆಗೆ ಬನ್ನಿ.

ಅಷ್ಟರಲ್ಲಿ ಅವನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆಸಿ: ಯಾವ ಆಪ್, ಆ ಆಪ್‌ನ ಹಿಂದಿದ್ದು ಸಾಲ ಕೊಟ್ಟ ಕಂಪನಿ ಯಾವುದು, ಎಷ್ಟು ಕೈಗೆ ಬಂತು, ಎಷ್ಟು ಕಟ್ಟಿಯಾಯಿತು. ಆರ್‌ಬಿಐ ನೋಂದಣಿ ಇರುವ ಕಂಪನಿಗಳ ಸಾಲಕ್ಕೆ ಕಂತು ಮಾಡಿಸಿಕೊಳ್ಳಲು ಕೇಳಬಹುದು. ಕಂಪನಿಯ ಹೆಸರೇ ಹೇಳದ ಆಪ್‌ಗಳನ್ನು ಬೇರೆ ಪಟ್ಟಿಯಲ್ಲಿಡಿ, ಅವಕ್ಕೆ ಹೊಸದಾಗಿ ಒಂದು ರೂಪಾಯಿಯೂ ಹಾಕಬೇಡಿ. ಆ ಹಾಳೆಯ ಫೋಟೊ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಯಾವುದನ್ನು ಮೊದಲು ತೀರಿಸಬೇಕು ಅಂತ ನಿಮಗೇ ಬರೆಯುತ್ತೇನೆ. ಅದನ್ನು ಇಲ್ಲಿ ಪ್ರಕಟಿಸುವುದಿಲ್ಲ.